ಪೆಟ್ಟಿಗೆಯಲ್ಲಿರುವ ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವುದು ಹೇಗೆ?



ಹಿರೋಳ್ಳಿ ಗಡಿಯ ಊರು. ಆಚೆಗೆ ಅಕ್ಕಲಕೋಟ, ಸೊಲ್ಲಾಪುರದ ಸೀಮೆ. ಹಿಂದೆ ಈಚೆಗೆ ನಿಜಾಮರ ರಾಜ್ಯವಿತ್ತು, ಸೊಲ್ಲಾಪುರದಲ್ಲಿ ಇಂಗ್ಲಿಷರ ಆಡಳಿತವಿತ್ತು. ಆದುದರಿಂದ ನಮ್ಮ ಹಿರಿಯರ ಕೈಯಲ್ಲಿ ಎರಡು ಬಗೆಯ ರೂಪಾಯಿ ಓಡಾಡಿದವು. ನಿಜಾಮರದು ಹಾಲಿ, ಇಂಗ್ಲಿಷರದು ಕಲ್ದಾರ. ಸುಮಾರು 7 ಹಾಲಿಗೆ 6 ಕಲ್ದಾರ ಎಂಬ ಲೆಕ್ಕವಿತ್ತು. ಹಾಲಿ ನಾಣ್ಯ 1959ರಲ್ಲಿ ರದ್ದಾಯಿತು.

ಆದರೂ ಅನೇಕ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಈ ರೂಪಾಯಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಬಿತ್ತನೆಗೋ ಮದುವೆಗೋ ಹಣ ಸಾಲದಾದಾಗ ಅವನ್ನೇ ಗಂಟು ಕಟ್ಟಿ ಪೇಟೆಗೆ ಒಯ್ಯುತ್ತೇವೆ. ಅಲ್ಲಿ ಅಂಗಡಿಯವನು ಹೇಳಿದ್ದೇ ಬೆಲೆ. ಹೀಗಾಗಬಾರದೆಂದಿದ್ದರೆ ಮಾರುವ ಮೊದಲು ಮನೆಯಲ್ಲಿಯೇ ಲೆಕ್ಕ ಮಾಡಿಕೊಳ್ಳಬೇಕು.

1. ಗುರುತು ಹಿಡಿಯುವುದು

ಕಲ್ದಾರದ ಮೇಲೆ ರಾಣಿಯ ಅಥವಾ ರಾಜರ ಮುಖವಿರುತ್ತದೆ. ಇಸವಿಯನ್ನು ಇಂಗ್ಲಿಷ್ ಅಂಕೆಗಳಲ್ಲಿ ಓದಬಹುದು. ತೂಕ 11.66 ಗ್ರಾಂ, ಅಂದರೆ ಹಳೆಯ ಒಂದು ತೊಲ. 1939ರವರೆಗಿನ ನಾಣ್ಯದಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಮಹಾಯುದ್ಧದ ಕಾಲದಲ್ಲಿ, ಅಂದರೆ 1940ರಿಂದ 1945ರವರೆಗೆ, ಅರ್ಧ ಮಾತ್ರ ಬೆಳ್ಳಿ. ಹುಲಿಯ ಚಿತ್ರವಿರುವ 1947ರ ರೂಪಾಯಿ ನಿಕ್ಕಲ್ಲಿನದು. ಅದರಲ್ಲಿ ಬೆಳ್ಳಿಯೇ ಇಲ್ಲ. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.

ನಿಜಾಮರ ರೂಪಾಯಿಯ ಮೇಲೆ ಚಾರ್‌ಮಿನಾರ್ ಇರುತ್ತದೆ. ತೂಕ 11.18 ಗ್ರಾಂ, ನೂರಕ್ಕೆ 81.8 ಪಾಲು ಬೆಳ್ಳಿ. ಇಸವಿ ಹಿಜರಿಯದು, ಉರ್ದು ಬಲ್ಲ ಹಿರಿಯರಿಂದ ಓದಿಸಿರಿ. ಅದನ್ನು 97ರಿಂದ ಗುಣಿಸಿ, 100ರಿಂದ ಭಾಗಿಸಿ, 622 ಕೂಡಿಸಿದರೆ ನಮ್ಮ ಇಸವಿ ಹೆಚ್ಚುಕಡಿಮೆ ಸಿಗುತ್ತದೆ. ಹಿಜರಿ 1343 ಎಂದರೆ 1924–25. ಯುದ್ಧಕಾಲದಲ್ಲಿ, ಹಿಜರಿ 1361ರಿಂದ, ಈ ರೂಪಾಯಿಯ ಬೆಳ್ಳಿಯೂ ಅರ್ಧಕ್ಕೆ ಇಳಿಯಿತು.

2. ಬೆಳ್ಳಿಯ ಲೆಕ್ಕ

ತೂಕವನ್ನು ಬೆಳ್ಳಿಯ ಪಾಲಿನಿಂದ ಗುಣಿಸಿದರೆ ಶುದ್ಧ ಬೆಳ್ಳಿ ಎಷ್ಟೆಂದು ತಿಳಿಯುತ್ತದೆ.

1939ರವರೆಗಿನ ಕಲ್ದಾರ: 10.69 ಗ್ರಾಂ
1940–45ರ ಕಲ್ದಾರ: 5.83 ಗ್ರಾಂ
ಹಳೆಯ ಚಾರ್‌ಮಿನಾರ್ ರೂಪಾಯಿ: 9.14 ಗ್ರಾಂ
ಯುದ್ಧಕಾಲದ ಚಾರ್‌ಮಿನಾರ್ ರೂಪಾಯಿ: 5.59 ಗ್ರಾಂ

ಇದನ್ನು ಆ ದಿನದ ಬೆಳ್ಳಿ ದರದಿಂದ ಗುಣಿಸಿರಿ. ಲೆಕ್ಕಕ್ಕಾಗಿ ಗ್ರಾಮಿಗೆ 100 ರೂಪಾಯಿ ಎಂದು ಹಿಡಿಯೋಣ. ಆಗ ಹಳೆಯ ಕಲ್ದಾರಕ್ಕೆ 1,069 ರೂ., ಯುದ್ಧಕಾಲದ್ದಕ್ಕೆ 583 ರೂ. ನಿಮ್ಮ ಗಂಟಿನಲ್ಲಿ ಹಳೆಯ ಕಲ್ದಾರ 20 ಇದ್ದು, ಎಲ್ಲವನ್ನೂ ಅರ್ಧ ಬೆಳ್ಳಿಯವೆಂದು ಕೊಟ್ಟುಬಿಟ್ಟರೆ 9,720 ರೂ. ನಷ್ಟ! ಸವೆದ ನಾಣ್ಯ ತೂಕದಲ್ಲಿ ಕಡಿಮೆ ಬರುತ್ತದೆ. ಕರಗಿಸುವ ವೆಚ್ಚವನ್ನು ವ್ಯಾಪಾರಿ ಕಳೆಯುತ್ತಾನೆ. ಅಷ್ಟನ್ನು ಒಪ್ಪಬಹುದು, ಅದಕ್ಕಿಂತ ಹೆಚ್ಚಿಗೆ ಕಳೆದರೆ ಕಾರಣ ಕೇಳಿರಿ.

ಅಮೇರಿಕದ ಹಳೆಯ ಬೆಳ್ಳಿ ಡಾಲರಿಗೂ ಇದೇ ರೀತಿ. ತೂಕ 26.73 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಶುದ್ಧ ಬೆಳ್ಳಿ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ ನೋಡಿರಿ.

3. ಸಂಗ್ರಾಹಕರು ಕೊಡುವ ಬೆಲೆ

ಕೆಲವು ನಾಣ್ಯಗಳಿಗೆ ಬೆಳ್ಳಿಗಿಂತ ಹೆಚ್ಚು ಬೆಲೆಯುಂಟು. 1911ರ ಕಲ್ದಾರದಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು. ಸರ್ಕಾರ ಅದನ್ನು ಹಿಂದೆಗೆದು ಹೆಚ್ಚಿನವನ್ನು ಕರಗಿಸಿತು. ಉಳಿದವು ಕಡಿಮೆ, ಆದುದರಿಂದ ಸಂಗ್ರಾಹಕರಿಗೆ ಅದು ಬೇಕು. 1939ರ ರೂಪಾಯಿಯೂ ವಿರಳ. ಆದರೆ ವಿರಳ ನಾಣ್ಯಗಳಿಗೆ ನಕಲಿಯೂ ಹೆಚ್ಚು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಅಕ್ಷರ ಎಷ್ಟು ಸ್ಪಷ್ಟವಾಗಿದೆ ಎಂಬುದೇ ಮುಖ್ಯ. ಕೊರಳಿಗೆ ಕಟ್ಟಲು ಕೊಂಡಿ ಬೆಸೆದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಮಾತ್ರ.

4. ಎಚ್ಚರಿಕೆಗಳು

ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿರಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ.

ಒಂದೇ ಅಂಗಡಿಯನ್ನು ನಂಬಬೇಡಿರಿ. ಎರಡು ಮೂರು ಕಡೆ ಕೇಳಿ, ಎದುರಿಗೇ ತೂಗಿಸಿ, ರಸೀದಿ ಪಡೆಯಿರಿ.

ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎಂದು ಮೊಬೈಲಿನಲ್ಲಿ ಕರೆ ಬಂದರೆ ಅದು ಮೋಸ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ತಿಳಿಸಿದೆ.

ಹೊಲ ಉಳುವಾಗ, ಅಡಿಪಾಯ ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ ಕಾನೂನಿಗೆ ಸೇರಿದ್ದು. ಬಚ್ಚಿಡದೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಅಭ್ಯಾಸ

ಈ ವಾರ ಮನೆಯ ನಾಣ್ಯಗಳನ್ನು ಹೊರತೆಗೆದು ಕಲ್ದಾರ, ಹಾಲಿ ಎಂದು ಬೇರೆ ಮಾಡಿರಿ. ಇಸವಿ, ತೂಕ, ಶುದ್ಧ ಬೆಳ್ಳಿ ಎಷ್ಟೆಂದು ಶಾಲೆಗೆ ಹೋಗುವ ಮಕ್ಕಳಿಂದ ಪಟ್ಟಿ ಬರೆಯಿಸಿರಿ. ಆ ಪಟ್ಟಿಯನ್ನು ಪೆಟ್ಟಿಗೆಯಲ್ಲೇ ಇಡಿರಿ. ಮಾರಲೇಬೇಕಾದ ದಿನ ಬಂದರೆ ಅದು ಕೈಯಲ್ಲಿರಲಿ. ಬಾರದಿದ್ದರೆ ಹಿರಿಯರ ಗಳಿಕೆ ಎಷ್ಟೆಂಬುದು ಮಕ್ಕಳಿಗೆ ತಿಳಿದಿರಲಿ.