ಅಕ್ಕನ ಹೆಸರು ಬರೆಯಿರಿ, ಭಾವನದ್ದಲ್ಲ

ಊರಿನ ಮನೆ ಮಾರಬೇಕು ಅಂದಕೂಡಲೇ ನಮ್ಮವರು ಮೊದಲು ಹುಡುಕುವುದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ) ನಮೂನೆ. ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಹಳೆಯದೊಂದು ಸಿಗುತ್ತದೆ. ಹೆಸರು, ವಿಳಾಸ ಬದಲಾಯಿಸಿ ಸಹಿ ಹಾಕಿ ಕೊರಿಯರ್ ಮಾಡಿಬಿಡುತ್ತಾರೆ. ಈಚೆಗೆ ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟ ಸೇರಿದ ಒಂದು ಸಂಸಾರವೂ ಹಾಗೇ ಮಾಡಿತು. ಬೆಂಗಳೂರಿನಲ್ಲಿ ಮುದ್ರಾಂಕ ಹಾಕಿಸಲು ಹೋದಾಗ ಲಕ್ಷಗಳ ಲೆಕ್ಕ ಹೇಳಿದರಂತೆ. ಇವರು ಅದನ್ನು ಲಂಚ ಎಂದುಕೊಂಡು ಕೂಟದ ಗುಂಪಿನಲ್ಲಿ ಎರಡು ದಿನ ಊರನ್ನು ಬೈದರು. ಲಂಚವಲ್ಲ ಮಾರಾಯರೇ, ಕಾನೂನು.

ಮನೆ ಇರುವುದು ಸಿದ್ದಾಪುರದಲ್ಲಿ. ಶಿರಸಿ ಪಕ್ಕದ್ದಲ್ಲ, ಕೊಡಗಿನದೂ ಅಲ್ಲ. ಲಾಲ್‌ಬಾಗಿಗೆ ಅಂಟಿಕೊಂಡು, ಜಯನಗರ ಒಂದನೇ ಬ್ಲಾಕಿನ ಪಕ್ಕದಲ್ಲಿರುವ ನರ್ಸರಿಗಳ ಸಿದ್ದಾಪುರ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಮನೆ. ವಿಲ್ ಬರೆಯದೆ ತೀರಿಕೊಂಡಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಮಗಳು, ಮಗ ಮೂವರಿಗೂ ಸಮಪಾಲು. (ತೀರಿಕೊಂಡವರ ತಾಯಿ, ಅಂದರೆ ಅಜ್ಜಿ, ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಇದನ್ನು ಮರೆಯುವವರು ಬಹಳ.) ಮಗ ಇಲ್ಲಿದ್ದಾನೆ. ಊರಿನ ಓಡಾಟವೆಲ್ಲ ಅಕ್ಕನ ಗಂಡನದು, ಒಳ್ಳೆಯ ಮನುಷ್ಯ. ಹಾಗಾಗಿ ಪತ್ರ ಭಾವನ ಹೆಸರಿಗೆ ಹೋಯಿತು.

ಸಿಕ್ಕಿಬಿದ್ದದ್ದು ಅಲ್ಲೇ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಅನುಸೂಚಿಯಲ್ಲಿ ಅಧಿಕಾರ ಪತ್ರಗಳಿಗೆ ಸಂಬಂಧಿಸಿದ್ದು 41ನೇ ಅನುಚ್ಛೇದ. ಆಸ್ತಿ ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗ, ಮಗಳು, ಒಡಹುಟ್ಟಿದವರು ಇವರಿಗೆ ಕೊಟ್ಟರೆ ಸಣ್ಣದೊಂದು ನಿಗದಿ ಸುಂಕ. ಬೇರೆ ಯಾರಿಗೆ ಕೊಟ್ಟರೂ ಕ್ರಯಪತ್ರಕ್ಕೆ ಕಟ್ಟುವಂತೆಯೇ ಮಾರುಕಟ್ಟೆ ಬೆಲೆಯ ಮೇಲೆ ಸುಂಕ. ಭಾವ, ಮೈದುನ, ಅಳಿಯ, ಸೊಸೆ, ಚಿಕ್ಕಪ್ಪ, ಅಕ್ಕನ ಮಗ ಯಾರೂ ಆ ಪಟ್ಟಿಯಲ್ಲಿಲ್ಲ. ಸೋದರಮಾವನಿಲ್ಲದೆ ಮದುವೆಯ ಶಾಸ್ತ್ರವೇ ನಡೆಯದ ಮನೆಗಳು ನಮ್ಮವು, ಮುದ್ರಾಂಕ ಇಲಾಖೆಗೆ ಮಾತ್ರ ಆತ ದಾರಿಹೋಕ. ಮನೆ ಒಂದೂವರೆ ಕೋಟಿ ಬಾಳುತ್ತದೆ ಎಂದಿಟ್ಟುಕೊಳ್ಳಿ. ಮಗನ ಪಾಲು 50 ಲಕ್ಷ. ಆ ಪಾಲಿನ ಮೇಲಷ್ಟೇ 5% ಹಾಕಿದರೂ ಎರಡೂವರೆ ಲಕ್ಷ. ಇದು ಬರೀ ಅಧಿಕಾರ ಪತ್ರಕ್ಕೆ. ಕೊಳ್ಳುವವನು ಕ್ರಯಪತ್ರಕ್ಕೆ ಕಟ್ಟುವುದು ಬೇರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ 1%ನಿಂದ 2%ಗೆ ಏರಿದೆ, ಅವನೂ ಈಗಾಗಲೇ ಬಿಸಿಯಾಗಿಯೇ ಇರುತ್ತಾನೆ.

ಅಕ್ಕನ ಹೆಸರಿಗೆ ಯಾಕೆ ಬರೆಯಲಿಲ್ಲ ಅಂತ ಕೇಳಿದೆ. 'ಅವಳಿಗೆ ಇದೆಲ್ಲ ಆಗಲ್ಲ' ಅಂದರು. ಆಕೆ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಮಂದಿಯ ಮನೆಪತ್ರಗಳನ್ನು ತಿರುವಿ ತಿರುವಿ ನೋಡಿಯೇ ಸಂಬಳ ತೆಗೆದುಕೊಂಡವರು! ಅಲ್ಲದೆ ಮನೆಯಲ್ಲಿ ಅವರದೂ ಪಾಲಿರುವಾಗ ಹೇಗೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟು, ಫೋಟೋ ಕೊಡಲೇಬೇಕು. ಒಂದೇ ಕೂತಲ್ಲಿ ತನಗೊಂದು ಸಹಿ, ತಮ್ಮನ ಪರವಾಗಿ ಇನ್ನೊಂದು. ಭಾವ ಕಾರು ಓಡಿಸಲಿ, ಸರದಿಯಲ್ಲಿ ನಿಲ್ಲಲಿ, ಪಕ್ಕದಲ್ಲಿ ಕೂತು ಚೌಕಾಸಿ ಮಾಡಲಿ, ಅದಕ್ಕೆ ಸುಂಕವಿಲ್ಲ. ಪಟ್ಟಿಯೊಳಗಿನವರು ಯಾರೂ ಊರಿನಲ್ಲಿ ಇಲ್ಲದಿದ್ದರೆ ವಿಮಾನದ ಟಿಕೆಟ್ಟೇ ಅಗ್ಗ, ನೋಂದಣಿಗೆ ನೀವೇ ಹೋಗಿ ಬನ್ನಿ.

ಪತ್ರ ಬರೆಸುವಾಗ 'ನನ್ನ ಸಕಲ ಆಸ್ತಿಗಳ' ಎನ್ನುವ ಜನರಲ್ ಪವರ್ ಬೇಡ. ಈ ಒಂದು ಮನೆ, ಈ ಒಂದು ಮಾರಾಟ, ಅಷ್ಟಕ್ಕೆ ಮಾತ್ರ ಸ್ಪೆಷಲ್ ಪವರ್ ಬರೆಸಿ. ಹಣ ಯಾವ ಖಾತೆಗೆ ಬರಬೇಕೆಂದೂ ಅದರಲ್ಲೇ ಇರಲಿ. ಚಕ್ಕುಬಂದಿಯನ್ನು ಮಾತ್ರ ಅಂದಾಜಿನಲ್ಲಿ ಬರೆಯಬೇಡಿ, ಮದರ್ ಡೀಡಿನಲ್ಲಿ ಇದ್ದ ಹಾಗೇ ಇಳಿಸಿ, ಈಗ ಅಲ್ಲಿ ಏನಿದೆ ಎಂಬುದನ್ನು ಮುಂದೆ ಸೇರಿಸಿ. ಈ ಸಂಸಾರದ ಹಳೆಯ ಕ್ರಯಪತ್ರ ನೋಡಲು ನನಗೂ ಕೊಟ್ಟಿದ್ದರು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ, ಉತ್ತರಕ್ಕೆ ಒಬ್ಬರ ಖಾಲಿ ನಿವೇಶನ. ಖಾಲಿ ನಿವೇಶನವಂತೆ, ಸಿದ್ದಾಪುರದಲ್ಲಿ! ಈಗ ಅಲ್ಲಿ ಒಂದು ಸೈಕಲ್ ನಿಲ್ಲಿಸಲು ಜಾಗ ತೋರಿಸಿ ನೋಡೋಣ. ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಆ ಬೀದಿಗಳಲ್ಲೇ ನುಸುಳಿ ಲಾಲ್‌ಬಾಗಿಗೆ ಹೋಗುತ್ತಿದ್ದವನು ನಾನು, ಪತ್ರ ಓದುತ್ತ ಸ್ವಲ್ಪ ಹೊತ್ತು ಕೆಲಸ ಮರೆತೆ.

ಸಹಿ ಎಲ್ಲಿ ಹಾಕುವುದು? 1908ರ ನೋಂದಣಿ ಕಾಯ್ದೆಯ 33ನೇ ಕಲಮು ಹೊರದೇಶದಲ್ಲಿರುವವರಿಗೆ ನೋಟರಿಯನ್ನೂ ಒಪ್ಪುತ್ತದೆ, ಭಾರತದ ಕಾನ್ಸುಲ್‌ರನ್ನೂ ಒಪ್ಪುತ್ತದೆ. ಅಮೆರಿಕದಲ್ಲಿ ನೋಟರಿ ಬ್ಯಾಂಕಿನ ಮೂಲೆಯಲ್ಲೇ ಸಿಗುತ್ತಾರೆ, ಅದೇ ಆಸೆ ಹುಟ್ಟಿಸುವುದು. ಆದರೆ ಆ ಮುದ್ರೆಯ ಮೇಲೆ ಅಪೋಸ್ಟಿಲ್ (ಸರ್ಕಾರದ ದೃಢೀಕರಣ) ಇಲ್ಲದಿದ್ದರೆ ಊರಿನಲ್ಲಿ ಪ್ರಶ್ನೆ ಏಳುತ್ತದೆ. ನನ್ನ ಮಾತು ಕೇಳುವುದಾದರೆ ಕಾನ್ಸುಲೇಟ್ ಮೂಲಕವೇ ದೃಢೀಕರಣ ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಬಂದಿರುತ್ತದೆ, ಮನೆಯ ಕಾಗದದಲ್ಲಿ ಬರೀ ಎರಡಕ್ಷರ. ಇಬ್ಬರೂ ಒಬ್ಬರೇ ಎಂದು ಪತ್ರದಲ್ಲೇ ಒಂದು ಸಾಲು ಹಾಕಿಸಿ.

ಪತ್ರ ಕರ್ನಾಟಕ ಮುಟ್ಟಿದ ದಿನದಿಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಸುಂಕ ಕಟ್ಟಿಸಬೇಕು. ಮುಟ್ಟಿದ ದಿನಕ್ಕೆ ಸಾಕ್ಷಿ ಕೊರಿಯರ್ ಕವರು, ಅದನ್ನು ರದ್ದಿಗೆ ಹಾಕಬೇಡಿ ಎಂದು ಮನೆಯವರಿಗೆ ಫೋನಿನಲ್ಲಿ ಒತ್ತಿ ಹೇಳಿ. ಅಮ್ಮಂದಿರು ಕವರನ್ನು ಒಗೆದುಬಿಡುತ್ತಾರೆ, ಒಳಗಿನ ಕಾಗದವನ್ನು ದೇವರ ಮನೆಯಲ್ಲಿ ಇಡುತ್ತಾರೆ.

ಇದಕ್ಕೆಲ್ಲ ಮೊದಲು ಪಾಲಿಕೆಯ ಖಾತೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ. ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವ ಜಾಣತನ ಬೇಡವೇ ಬೇಡ. ಖಾತೆ ಇದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ, ಅದು ತೆರಿಗೆಯ ಲೆಕ್ಕ ಅಷ್ಟೆ. ಒಡೆತನಕ್ಕೆ ನೋಂದಾಯಿತ ಪತ್ರಗಳ ಸರಣಿಯನ್ನೇ ನೋಡಬೇಕು. ಕೊಳ್ಳಲು ಹೊರಟವರಿಗೂ ಇದೇ ಮಾತು. ಯಾರಾದರೂ 'ಜಿಪಿಎ ಮೇಲೆ ಕೊಡುತ್ತೇವೆ, ಅಗ್ಗ' ಅಂದರೆ ಎದ್ದು ಬನ್ನಿ, ಅದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ. ಪಾಲಿಕೆ ಒಡೆದು 2025ರಲ್ಲಿ ಐದಾಗಿರುವುದರಿಂದ ಖಾತೆಯ ಕೆಲಸಕ್ಕೆ ಹಳೆಯ ಬಿಬಿಎಂಪಿ ವಾರ್ಡ್ ಕಚೇರಿಯ ವಿಳಾಸ ನಂಬಿಕೊಂಡು ಅಮ್ಮನನ್ನು ಆಟೋ ಹತ್ತಿಸಬೇಡಿ.

ಇನ್ನು ದುಡ್ಡು. ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ತಾಯಿ, ಅಕ್ಕನ ಪಾಲಿನಲ್ಲಿ ಕೊಳ್ಳುವವನು 1% ಟಿಡಿಎಸ್ ಹಿಡಿಯುತ್ತಾನೆ. ಅನಿವಾಸಿ ಮಗನ ಪಾಲಿಗೆ ಆ ಲೆಕ್ಕವಿಲ್ಲ. ದೀರ್ಘಾವಧಿ ಲಾಭದ ದರ 2024ರ ಜುಲೈ 23ರಿಂದ 12.5%, ಅದರ ಮೇಲೆ ಅನ್ವಯಿಸುವ ಸರ್ಚಾರ್ಜು, ಸೆಸ್ಸು. ಲಾಭ ಎಷ್ಟೆಂದು ಕೊಳ್ಳುವವನಿಗೆ ಏನು ಗೊತ್ತು? ಹೆದರಿ ಪೂರ್ತಿ ಪಾಲಿನ ಮೇಲೇ ಹಿಡಿದುಬಿಡುತ್ತಾನೆ. ಅದಾಗಬಾರದು ಎಂದಿದ್ದರೆ ಅಗ್ರಿಮೆಂಟ್ ಆದಕೂಡಲೇ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ, ನೋಂದಣಿಯ ಹಿಂದಿನ ವಾರ ಎದ್ದು ಕೂರಬೇಡಿ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಬೆಲೆಯೇರಿಕೆ ಕಳೆದು 20% ಕಟ್ಟುವ ಹಳೆಯ ಲೆಕ್ಕವನ್ನು ತಾಯಿ, ಅಕ್ಕ ಆರಿಸಿಕೊಳ್ಳಬಹುದು, ಮಗನಿಗೆ ಆ ಆಯ್ಕೆ ಇಲ್ಲ. ಒಂದೇ ಅಪ್ಪನ ಮನೆ, ಪಾಲು ಮೂರೂ ಸಮ, ತೆರಿಗೆ ಬೇರೆ.

ಮಗನ ಪಾಲು ಎನ್ಆರ್‌ಓ ಖಾತೆಗೇ ಬರಬೇಕು. ಅಲ್ಲಿಂದ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರಿನ ತನಕ, ಸಿಎ ಪ್ರಮಾಣಪತ್ರದೊಂದಿಗೆ, ಇಲ್ಲಿಗೆ ತರಿಸಿಕೊಳ್ಳಬಹುದು. ಎಲ್ಲವನ್ನೂ ಅಮ್ಮನ ಖಾತೆಗೆ ಹಾಕಿಸಿ 'ಆಮೇಲೆ ನೋಡೋಣ' ಎನ್ನುವವರೇ ಹೆಚ್ಚು. ಆಮೇಲೆ ಅದು ಅಮ್ಮ ಕೊಟ್ಟ ದಾನವೋ ನಿಮ್ಮ ಪಾಲೋ ಎಂದು ಬ್ಯಾಂಕಿನವರಿಗೆ ವಿವರಿಸುತ್ತ ಕೂರಬೇಕು. ಕ್ರಯಪತ್ರದಲ್ಲೇ ಮೂವರ ಪಾಲಿಗೆ ಮೂರು ಬೇರೆ ಬೇರೆ ಡಿಡಿ ಎಂದು ನಂಬರು ಸಮೇತ ಬರೆಸಿ.