ಬೇಸಿಗೆಯ ರಜೆಯಲ್ಲಿ ಮನೆಯ ನಡಿಗೆ

ನಮ್ಮ ಸೀಮೆಯ ಶಾಲೆಗಳು ಏಪ್ರಿಲ್ 10ನೆಯ ತಾರೀಖಿನ ಸುಮಾರಿಗೆ ಮುಚ್ಚಿ ಮೇ ತಿಂಗಳಿನ ಕಡೆಯಲ್ಲಿ ತೆರೆಯುತ್ತವೆ. ಈ ಆರೇಳು ವಾರಗಳಲ್ಲಿ ಸಂಸಾರದ ನಡಿಗೆ ನಿಧಾನವಾಗುವದೆಂದು ಪಟ್ಟಣದವರು ಹೇಳುವದುಂಟು. ಹಳ್ಳಿಯ ಮನೆಗಳಲ್ಲಿ ಅದು ಯಾರಿಗೆ, ಎಷ್ಟರ ಮಟ್ಟಿಗೆ ನಿಜವೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಗೌರಿಬಿದನೂರಿನ ಕಡೆಯ ಖುಷ್ಕಿ ಬೇಸಾಯಗಾರನಿಗೆ ಅದು ಬಹುಮಟ್ಟಿಗೆ ನಿಜವೇ. ರಾಗಿಯ ಒಕ್ಕಣೆ ತೀರಿರುವದು. ಉತ್ತರ ಪಿನಾಕಿನಿಯಲ್ಲಿ ಮರಳಲ್ಲದೆ ನೀರು ಕಾಣುವದು ಅಪರೂಪ. ಮುಂಗಾರಿನ ಮೊದಲನೆಯ ಹದಮಳೆಯ ತನಕ ನೇಗಿಲಿಗೆ ಕೆಲಸವಿಲ್ಲ. ಆದರೆ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ಕೊಳವೆಬಾವಿಯ ನೀರಿನಿಂದ ಹಿಪ್ಪುನೇರಳೆ ಬೆಳೆಸುವವನಿಗೆ ಹಾಗಲ್ಲ. ರೇಷ್ಮೆಹುಳುವಿಗೆ ಶಾಲೆಯ ಪಂಚಾಂಗ ತಿಳಿಯದು.

ಹುಳುವಿನ ಲೆಕ್ಕವನ್ನು ನೋಡಿರಿ. ಮೊಟ್ಟೆಯೊಡೆದು ಗೂಡು ಕಟ್ಟಲು ತೊಡಗುವ ವರೆಗೆ ಸುಮಾರು 25 ದಿನ. ಈ ಅವಧಿಯಲ್ಲಿ ಅದು ನಾಲ್ಕು ಸಾರಿ ಪೊರೆ ಬಿಡುವದು. ಇದನ್ನೇ ನಮ್ಮ ರೈತರು ಜ್ವರವೆನ್ನುತ್ತಾರೆ. ಜ್ವರಕ್ಕೆ ಕೂತ ಹುಳುವು ಒಂದು ದಿನದಷ್ಟು ಹೊತ್ತು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲುಗದೆ ಇರುವದು. ಆಗ ಅದನ್ನು ಕದಲಿಸಬಾರದು. ಎರಡನೆಯ ಜ್ವರದ ವರೆಗಿನ ಸಾಕಣೆಯನ್ನು ಈಗ ಹೆಚ್ಚಾಗಿ ಚಾಕಿ ಕೇಂದ್ರದವರೇ ಮಾಡುವದರಿಂದ ರೈತನ ಮನೆಯಲ್ಲಿ ಎರಡು ಜ್ವರಗಳು ಉಳಿಯುತ್ತವೆ. ನಾಲ್ಕನೆಯ ಜ್ವರ ಎದ್ದ ಮೇಲೆ ಬರುವ ಏಳು ದಿನಗಳೇ ಕಷ್ಟದವು. ಹುಳುವು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಆಗಲೇ ತಿಂದುಬಿಡುವದು. ಬಿಸಿಲು ಏರಿದಾಗ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಹಾಕುವ ದಿನ ಮನೆಯವರಿಗೆ ಉಣ್ಣುವದಕ್ಕೂ ಹೊತ್ತಿಲ್ಲ.

ಇಂಥ ವಾರದಲ್ಲಿ ಮಕ್ಕಳು ಕೈನೀಡಬಾರದೋ? ನೀಡಬಹುದು. 1986ರ ಕಾನೂನನ್ನು 2016ರಲ್ಲಿ ತಿದ್ದಿದಾಗ ಹದಿನಾಲ್ಕು ವರುಷ ತುಂಬದವರನ್ನು ಕೂಲಿಗಿಡುವದನ್ನು ಎಲ್ಲಾ ಉದ್ಯೋಗಗಳಲ್ಲಿಯೂ ನಿಷೇಧಿಸಿದರೂ, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯಕರವಲ್ಲದ ಕೆಲಸದಲ್ಲಿ, ತನ್ನ ಕುಟುಂಬಕ್ಕೆ ನೆರವಾಗಲು ಎಡೆಯಿಟ್ಟರು. ಕುಟುಂಬವೆಂದರೆ ಯಾರೆಂಬದನ್ನೂ ಹೇಳಿದೆ: ತಂದೆತಾಯಿ, ಒಡಹುಟ್ಟಿದವರು, ಅವರ ಹೊರತು ತಂದೆತಾಯಿಗಳ ಒಡಹುಟ್ಟಿದವರು. ಹುಡುಗಿಯು ಚಂದ್ರಿಕೆಗೆ ಹುಳು ಆರಿಸುವದು ಬೇರೆ. ಪಕ್ಕದ ಬೀದಿಯ ನೂಲು ಬಿಚ್ಚುವ ಮನೆಯಲ್ಲಿ, ಗೂಡು ಬೇಯುವ ಬಿಸಿನೀರಿನ ಮುಂದೆ, ಹಬೆಯಲ್ಲಿಯೂ ನಾತದಲ್ಲಿಯೂ ಇಡೀ ಮೇ ತಿಂಗಳು ನಿಲ್ಲುವದು ಬೇರೆ. ತಂದೆಯು ಮುಂಗಡ ಹಣ ತೆಗೆದುಕೊಂಡಿದ್ದರಂತೂ ಆ ರಜೆಗೆ ಕೊನೆಯೇ ಇರದು. ಜೂನಿನಲ್ಲಿ ಹಾಜರಿ ಕರೆಯುವಾಗ ಆ ಹೆಸರಿಗೆ ಉತ್ತರ ಬಾರದು. ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡುವ ಜೀತವನ್ನು 1976ರ ಕಾನೂನು ತೆಗೆದುಹಾಕಿತು. ಮಗುವಿನ ಮೇಲೆ ಹಣ ತೆಗೆದುಕೊಂಡ ತಂದೆಯು ಬಡವನೆಂಬದನ್ನು ನಾವು ಬಲ್ಲೆವು. ಆದರೂ ಅದನ್ನು ನೆರವೆಂದು ಕರೆಯಲಾರೆವು.

ಇನ್ನು ತಾಯಿಯ ಸಂಗತಿ. ಶಾಲೆ ನಡೆಯುವ ದಿನಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಅಲ್ಲಿಯೇ ಆಗುವದು. ರಜೆ ಬಂದೊಡನೆ ಆ ಊಟವು ಅವಳ ಒಲೆಗೆ ಬರುವದು. (ಬರಗಾಲದ 2024ರ ಬೇಸಿಗೆಯಲ್ಲಿ ಸರಕಾರವು ಬರಪೀಡಿತ ತಾಲೂಕುಗಳಲ್ಲಿ ರಜೆಯಲ್ಲಿಯೂ ಊಟ ಕೊಡಿಸಿತು, ಎಲ್ಲಾ ವರುಷಗಳಲ್ಲಿ ಹಾಗಿಲ್ಲ.) ಅಜ್ಜಿಯ ಮನೆಗೆಂದು ಬಂದ ನೆಂಟರ ಮಕ್ಕಳು ನಾಲ್ವರಾದರೆ ಮುದ್ದೆಯ ಲೆಕ್ಕವೂ ಏರುವದು. ಗಂಡಸರು ಅರಳಿಕಟ್ಟೆಯ ಮೇಲೆ ಕೂತು ಕಾಲವು ನಿಧಾನವಾಯಿತೆನ್ನುವಾಗ ಒಳಗೆ ಅದು ಓಡುತ್ತಿರುವದು. ನೀರು ತರುವದನ್ನೂ ಪಾತ್ರೆ ತೊಳೆಯುವದನ್ನೂ ಹುಡುಗರಿಗೂ ಹಂಚಬೇಕು. ಇವು ಹುಡುಗಿಯರ ಕೆಲಸವೆಂದು ಯಾವ ಕಾನೂನೂ ಹೇಳಿಲ್ಲ.

ಆದರೂ ನಿಧಾನದ ಹೊತ್ತು ಇಲ್ಲದಿಲ್ಲ. ಸೊಪ್ಪು ಕೊಯ್ಯುವದು ತಂಪಿನ ವೇಳೆಯಲ್ಲಿ. ಆದುದರಿಂದ ನಡುಮಧ್ಯಾಹ್ನದಲ್ಲಿ, ಮತ್ತು ಹುಳು ಜ್ವರಕ್ಕೆ ಕೂತ ದಿನದಲ್ಲಿ, ಮನೆಯವರೆಲ್ಲರೂ ನೆರಳಿನಲ್ಲಿ ಸೇರುವರು. ಹುಣಿಸೆಹಣ್ಣಿನ ಬೀಜ ಬಿಡಿಸುವದು ಆಗಲೇ. ಆ ಬೀಜವನ್ನು ಕಲ್ಲಿನ ಮೇಲೆ ಒಂದು ಪಕ್ಕ ಉಜ್ಜಿ ಬಿಳುಪು ಮಾಡಿದರೆ ಚೌಕಾಬಾರಕ್ಕೆ ದಾಳವಾಗುವದು. ಅಜ್ಜಿಯು ಕಥೆ ಹೇಳುವದೋ ಅನೇಕ ಮನೆಗಳಲ್ಲಿ ತೆಲುಗಿನಲ್ಲಿ. ಮೊಮ್ಮಗನು ಓದುವದು ಕನ್ನಡದಲ್ಲಿ. ಇದನ್ನು ತೊಡಕೆಂದು ಎಣಿಸಬೇಡಿರಿ. ಕೈವಾರದ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಪದಗಳನ್ನು ಕಟ್ಟಿದ ಸೀಮೆ ಇದು. ಅಜ್ಜಿ ಹೇಳಿದ ಕಥೆಯನ್ನು ಹುಡುಗನು ಕನ್ನಡದಲ್ಲಿ ಬರೆದು ಅವಳಿಗೇ ಓದಿ ತೋರಿಸಲಿ. ತಪ್ಪಿದ್ದರೆ ಅವಳು ಸುಮ್ಮನಿರುವವಳಲ್ಲ.

ಚಾಕಿ ಹುಳುವನ್ನು ಗೊತ್ತುಮಾಡುವ ಮುಂಚೆ ಗಂಡಹೆಂಡರು ಕೂತು ದಿನಗಳನ್ನು ಎಣಿಸಲಿ. ಏಪ್ರಿಲ್ 20ಕ್ಕೆ ಹುಳು ಮನೆಗೆ ಬಂದರೆ ಮೇ 7ರ ಸುಮಾರಿಗೆ ಚಂದ್ರಿಕೆಗೆ ಏರುವದು. ಐದಾರು ದಿನ ಬಿಟ್ಟು ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬಹುದು. ಬ್ಲೀಚಿಂಗ್ ಪುಡಿಯಿಂದ ಹುಳುಮನೆಯನ್ನು ತೊಳೆಯುವ ಕೆಲಸವನ್ನು ದೊಡ್ಡವರೇ ಮಾಡಿ ಮುಗಿಸಿದರೆ, ಶಾಲೆ ತೆರೆಯುವದಕ್ಕೆ ಇನ್ನೂ ಹತ್ತು ಹನ್ನೆರಡು ದಿನಗಳು ಉಳಿದಿರುವವು. ಆಗ ತಾಯಿಯೂ ಮಕ್ಕಳೊಂದಿಗೆ ತನ್ನ ತವರಿಗೆ ಹೋಗಿಬರಲಿ.