ನೋಯದ ಕಡಿತ

ಬೆಳಗಿನ ಹೊತ್ತು. ಕೈರಂಪಣಿ ಬಲೆ ದಡಕ್ಕೆ ಬಂತು. ಹೆಂಗಸರು ಬುಟ್ಟಿ ಹಿಡಿದು ಬಂದರು. ಬಂಗುಡೆ, ಬೂತಾಯಿ, ಸಿಗಡಿ ಬೇರೆ ಬೇರೆ ಮಾಡತೊಡಗಿದರು.

ಗುಲಾಬಿಯ ಬೆರಳಿಗೆ ಏನೋ ಚುಚ್ಚಿದ ಹಾಗಾಯಿತು. ನೋಡಿದರೆ ಹಾವು! ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಅದು ಕಡಲ ಹಾವು.

"ಕಚ್ಚಿತಾ?" ಸೀತಕ್ಕ ಕೇಳಿದಳು.

"ಎಂತ ಇಲ್ಲ ಅಕ್ಕ. ನೋವೇ ಇಲ್ಲ. ಮೀನು ಮಾರಿ ಬರ್ತೇನೆ."

"ನೋವಿಲ್ಲ ಅಂತ ನಡೀಬೇಡ ಮಾರಾಯ್ತಿ. ಕೂತ್ಕೋ."

ಸೀತಕ್ಕ ಹೇಳಿದ್ದು ಸರಿ. ಕಡಲ ಹಾವು ಕಚ್ಚಿದರೆ ಹೆಚ್ಚು ನೋಯುವುದಿಲ್ಲ. ಬಾವೂ ಬರುವುದಿಲ್ಲ. ಸೂಜಿ ಚುಚ್ಚಿದಷ್ಟೇ ಗುರುತು. ಎಲ್ಲ ಸಲ ವಿಷ ಇಳಿಯುವುದೂ ಇಲ್ಲ. ಇಳಿದಿದ್ದರೆ ಅರ್ಧ ಗಂಟೆಗೋ, ಕೆಲವು ಗಂಟೆ ಕಳೆದೋ ಗೊತ್ತಾಗುತ್ತದೆ. ಮೈಯೆಲ್ಲ ನೋವು. ಕತ್ತು, ದವಡೆ ಬಿಗಿಯುತ್ತದೆ. ಕಣ್ಣಿನ ರೆಪ್ಪೆ ಜೋಲುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಉಸಿರೇ ನಿಲ್ಲಬಹುದು. ಅಲ್ಲಿಯವರೆಗೆ ಕಾಯಬಾರದು.

ಆಸ್ಪತ್ರೆ ದೂರ. ಸೀತಕ್ಕ 108ಕ್ಕೆ ಫೋನ್ ಮಾಡಿಸಿದಳು. ಗುಲಾಬಿಯ ಬಳೆ, ಉಂಗುರ ತೆಗೆಸಿದಳು. ಕೈಗೆ ಹಲಗೆ ತುಂಡು ಇಟ್ಟು, ಅಲುಗಾಡದ ಹಾಗೆ ಹಳೇ ಸೀರೆಯಿಂದ ಸಡಿಲವಾಗಿ ಕಟ್ಟಿದಳು.

ಗುಲಾಬಿಯ ಅತ್ತೆ ಹಗ್ಗ ತಂದಳು. "ಬಿಗಿದು ಕಟ್ಟು, ವಿಷ ಏರ್ತದೆ."

"ಬೇಡ ಅತ್ತೆ. ಬಿಗಿದರೆ ರಕ್ತ ಓಡೂದಿಲ್ಲ. ಕೈಯೇ ಹೋದೀತು. ಬ್ಲೇಡಿನಿಂದ ಕೊಯ್ಯೂದು, ಬಾಯಲ್ಲಿ ಚೀಪೂದು ಸಹ ಬೇಡ."

ಹಾವನ್ನು ಹಿಡಿಯಲು ಹೋದ ಹುಡುಗರನ್ನೂ ತಡೆದಳು. ಸತ್ತ ಹಾವಿನ ಹಲ್ಲಿನಲ್ಲೂ ವಿಷ ಇರುತ್ತದೆ. ಚೀಟಿಯಲ್ಲಿ ತಾನೇ ಬರೆದಳು: 'ಕಡಲ ಹಾವು. ಬೆಳಿಗ್ಗೆ 7-30.' ಗುಲಾಬಿಯನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆವರೆಗೆ ಹೊತ್ತರು.

ಆ ಚೀಟಿ ಬಹಳ ಮುಖ್ಯ. ನಮ್ಮಲ್ಲಿ ಸಿಗುವ ಹಾವಿನ ಇಂಜೆಕ್ಷನ್ ನಾಲ್ಕು ಹಾವಿನ ವಿಷಕ್ಕೆ ಮಾಡಿದ್ದು. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ. ಕಡಲ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಹಾಗಾದರೆ ಆಸ್ಪತ್ರೆ ಯಾಕೆ? ಉಸಿರು ಕಟ್ಟಿದರೆ ಅಲ್ಲಿ ಯಂತ್ರದಿಂದ ಉಸಿರಾಡಿಸುತ್ತಾರೆ. ಮೂತ್ರಪಿಂಡ ಕೆಡದಂತೆ ನೋಡುತ್ತಾರೆ. ವಿಷ ಇಳಿಯುವ ತನಕ ಜೀವ ಹಿಡಿದಿಡುವುದೇ ಚಿಕಿತ್ಸೆ.

ಬಲೆಯಲ್ಲಿ ತೊರಕೆ ಮೀನೂ ಬರುತ್ತದೆ. ಅದರ ಬಾಲದ ಮುಳ್ಳು ಚುಚ್ಚಿದರೆ ತಡೆಯಲಾಗದ ನೋವು. ಗಾಯ ತೊಳೆದು, ಕೈ ತಾಳುವಷ್ಟು ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಇಡಬೇಕು. ಬಿಸಿಯನ್ನು ಗಾಯವಿಲ್ಲದ ಕೈಯಿಂದ ನೋಡಿ. ಆಮೇಲೆ ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಎದೆಗೋ ಹೊಟ್ಟೆಗೋ ನಾಟಿದ ಮುಳ್ಳನ್ನು ಮಾತ್ರ ಕೀಳಬೇಡಿ. ಹಾಗೇ ಕರೆದೊಯ್ಯಿರಿ.

ಉಸಿರಾಡಿಸುವ ಯಂತ್ರ ಇರುವ ಆಸ್ಪತ್ರೆ ನಿಮ್ಮೂರಿಗೆ ಹತ್ತಿರ ಎಲ್ಲಿದೆ? ಕೇಳಿ ತಿಳಿದು ಇಲ್ಲಿ ಬರೆಯಿರಿ: ....................